ವಾರಕ್ಕೊಂದು ಸಂಜೆ, ಮಕ್ಕಳ ಮನೆಯಲ್ಲಿ

ದಕ್ಷಿಣ ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ರೂಢಿ ಬೆಳೆದುಬಂದಿದೆ. ಮಗಳ ಹುಟ್ಟುಹಬ್ಬವೋ ತಂದೆಯ ಪುಣ್ಯತಿಥಿಯೋ ಹತ್ತಿರ ಬಂತೆಂದರೆ ಗುರುತಿನ ಮಕ್ಕಳ ಮನೆಗೆ ಫೋನ್ ಮಾಡಿ ‘ಆ ದಿನದ ಊಟ ನಮ್ಮದು’ ಎನ್ನುತ್ತಾರೆ. ಸುಬ್ರಹ್ಮಣ್ಯಪುರ, ಉತ್ತರಹಳ್ಳಿ, ಚಿಕ್ಕಲ್ಲಸಂದ್ರ, ಕುಮಾರಸ್ವಾಮಿ ಬಡಾವಣೆಯ ಕಡೆಯ ಜನರೂ ಹಾಗೆಯೇ. ಆ ಮನೆ ಚರ್ಚಿನದೋ ಮಠದ್ದೋ ಎಂದು ಹೆಚ್ಚಿನವರು ನೋಡುವುದಿಲ್ಲ. ಹಾಗೆ ಊಟ ಕೊಟ್ಟು ಬಂದವರಲ್ಲಿ ಕೆಲವರಿಗೆ ಒಂದು ಆಸೆ ಉಳಿದುಬಿಡುತ್ತದೆ: ದುಡ್ಡಿನ ಜೊತೆ ಸ್ವಲ್ಪ ಸಮಯವನ್ನೂ ಕೊಡಬಹುದಿತ್ತಲ್ಲ, ನಾಲ್ಕು ಲೆಕ್ಕ ಹೇಳಿಕೊಡಬಹುದಿತ್ತಲ್ಲ ಎಂದು. ಈ ಲೇಖನ ಅವರಿಗಾಗಿ. ಕ್ರೈಸ್ತ ಸಂಸ್ಥೆಗಳು ನಡೆಸುವ ಮಕ್ಕಳ ಮನೆಗೆ ಸ್ವಯಂಸೇವಕರಾಗಿ ಹೋಗುವವರು ಏನು ತಿಳಿದಿರಬೇಕು, ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಇಲ್ಲಿ ಹೇಳಿದ್ದೇನೆ.

ಅಂಥ ಮನೆಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಿರುವುದು ಹೇಳಿದ ದಿನ, ಹೇಳಿದ ಹೊತ್ತಿಗೆ, ವಾರ ವಾರವೂ ತಪ್ಪದೆ ಬರುವ ಒಬ್ಬ ಮನುಷ್ಯ. ಮಕ್ಕಳಿಂದ ಏನಾದರೂ ಕಲಿಯುವ ಭಾಗ್ಯ ಸಿಗುವುದೂ ಅಂಥವರಿಗೇ.

ಕ್ರೈಸ್ತ ಸಂಸ್ಥೆಗಳು ಈ ಕೆಲಸಕ್ಕೆ ಕೈಹಾಕಿದ್ದು ಇಂದು ನಿನ್ನೆಯಲ್ಲ. 1876ರಿಂದ 1878ರವರೆಗೆ ಕನ್ನಡ ನಾಡನ್ನು ಹಿಂಡಿದ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳಿಗಾಗಿ ಮಿಷನ್‌ಗಳು ಅಲ್ಲಲ್ಲಿ ವಸತಿಗಳನ್ನು ತೆರೆದವು. ನಮ್ಮ ಕಾಲಕ್ಕೆ ಬಂದರೆ ಬೆಂಗಳೂರಿನಲ್ಲಿ ಎದ್ದು ಕಾಣುವ ಹೆಸರು ಬೋಸ್ಕೊ. 1980ರಲ್ಲಿ ಸಲೇಸಿಯನ್ ಸಭೆಯ ಗುರುಮಠದ ವಿದ್ಯಾರ್ಥಿಗಳು ಬೀದಿಯಲ್ಲಿ ಬದುಕುತ್ತಿದ್ದ ಹುಡುಗರ ಜೊತೆ ಕೂತು ಮಾತಾಡತೊಡಗಿದ್ದರಿಂದ ಹುಟ್ಟಿದ ಸಂಸ್ಥೆ ಅದು. ಅದರ ಪೂರ್ತಿ ಹೆಸರು ‘ಬೆಂಗಳೂರು ಓಣಿಯವರ ಸೇವಾ ಕೂಟ’. ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ಟ್ಯೂರಿನ್ ಪಟ್ಟಣದಲ್ಲಿ ಕೂಲಿಗೆ ಬಂದ ಹುಡುಗರನ್ನು ಭಾನುವಾರ ಭಾನುವಾರ ಸೇರಿಸಿ ಆಟ, ಪಾಠ, ಪ್ರಾರ್ಥನೆ ನಡೆಸಿದ ಡಾನ್ ಬೋಸ್ಕೊ ಅವರ ಹೆಸರೂ ಅದರಲ್ಲಿ ಬೆರೆತಿದೆ. ಶಿಕ್ಷೆಯಿಂದ ಮಕ್ಕಳನ್ನು ತಿದ್ದುವುದಕ್ಕೆ ಆ ಪಾದ್ರಿ ಒಪ್ಪುತ್ತಿರಲಿಲ್ಲ. ವಿವೇಕ, ಧರ್ಮಶ್ರದ್ಧೆ, ಅಕ್ಕರೆ ಈ ಮೂರೇ ಅವರ ಪದ್ಧತಿ. ಹಿರಿಯರು ಮಕ್ಕಳ ನಡುವೆಯೇ ಇರಬೇಕು, ಅವರ ಆಟದಲ್ಲೂ ಇರಬೇಕು ಎಂಬುದು ಅವರ ಹಟ. ಮೆಜೆಸ್ಟಿಕ್ಕಿನ ಸುತ್ತಮುತ್ತ ಮನೆ ಬಿಟ್ಟು ಓಡಿಬಂದ ಮಕ್ಕಳ ನಡುವೆ ಬೋಸ್ಕೊ ಮಾಡುತ್ತ ಬಂದದ್ದೂ ಅದನ್ನೇ. ಅಲ್ಲಿ ಒಡನಾಟ ಮೊದಲು ಬಂತು, ಕಟ್ಟಡ ಆಮೇಲೆ. ಇವತ್ತು ಸ್ವಯಂಸೇವೆಗೆ ಹೊರಡುವವರು ಈ ಕ್ರಮವನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಮೊದಲು ನೋಂದಣಿ ಕೇಳಿ

ಮನೆ ಯಾವ ಧರ್ಮದವರದೇ ಆಗಿರಲಿ, ಕಾನೂನು ಒಂದೇ. 2016ರ ಜನವರಿ 15ರಿಂದ ಜಾರಿಯಲ್ಲಿರುವ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ 2015ರ 41ನೇ ಕಲಮಿನಂತೆ, ಪಾಲನೆ ಮತ್ತು ರಕ್ಷಣೆ ಬೇಕಿರುವ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿಯೊಂದು ಸಂಸ್ಥೆಯೂ ನೋಂದಣಿ ಮಾಡಿಸಲೇಬೇಕು. ಸರ್ಕಾರದ ಅನುದಾನ ಇರಲಿ ಇಲ್ಲದಿರಲಿ, ಇದರಿಂದ ವಿನಾಯಿತಿ ಇಲ್ಲ. ತಪ್ಪಿದರೆ 42ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ತಮಿಳುನಾಡಿನ ಅನಾಥಾಲಯಗಳಲ್ಲಿ ಮಕ್ಕಳ ಶೋಷಣೆ ನಡೆದಿದೆಯೆಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಮೇ 5ರಂದು ಕೊಟ್ಟ ತೀರ್ಪು, ದೇಶದ ಎಲ್ಲ ಮಕ್ಕಳ ಪಾಲನಾ ಸಂಸ್ಥೆಗಳ ನೋಂದಣಿಯನ್ನು ಆ ವರ್ಷದೊಳಗೇ ಮುಗಿಸಬೇಕೆಂದು ಸರ್ಕಾರಗಳಿಗೆ ಹೇಳಿತ್ತು.

ಹೀಗಾಗಿ ನೀವು ಹೋಗುವ ಮನೆಯ ಕಚೇರಿಯಲ್ಲಿ ನೋಂದಣಿ ಪತ್ರ ತೋರಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಒಳ್ಳೆಯ ಮನೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ, ಎಷ್ಟೋ ಕಡೆ ಅದನ್ನು ಗೋಡೆಗೇ ತೂಗುಹಾಕಿರುತ್ತಾರೆ. ಮಕ್ಕಳ ದಿನಚರಿ, ಊಟದ ಪಟ್ಟಿ, ಸಹಾಯವಾಣಿ ಸಂಖ್ಯೆ ಗೋಡೆಯ ಮೇಲಿದೆಯೇ, ಸಲಹಾ ಪೆಟ್ಟಿಗೆ ಇದೆಯೇ ಎಂದು ಕಣ್ಣು ಹಾಯಿಸಿ. ಪ್ರತಿ ಮಗುವೂ ಆ ಮನೆಗೆ ಬಂದದ್ದು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆಯೇ ಎಂದು ವಿಚಾರಿಸಿ. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿಯೇ ಇಂಥ ಮಕ್ಕಳ ವಿಷಯದಲ್ಲಿ ಕೊನೆಯ ಮಾತು ಹೇಳುವ ಸ್ಥಾನ. ಸಮಿತಿಯ ಗಮನಕ್ಕೇ ಬಾರದೆ ‘ಯಾರೋ ತಂದು ಬಿಟ್ಟರು, ಇಟ್ಟುಕೊಂಡೆವು’ ಎನ್ನುವ ಮನೆಯಾದರೆ ಅಲ್ಲಿಂದ ಹಿಂದಕ್ಕೆ ಬನ್ನಿ. ಜಿಲ್ಲೆಯಲ್ಲಿ ನೋಂದಣಿಯಾದ ಮನೆಗಳ ಮಾಹಿತಿಯನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಡಿ ಬರುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಬಹುದು. ಸುಬ್ರಹ್ಮಣ್ಯಪುರದ ಕಡೆ ಹುಡುಕುವವರು ಹತ್ತಿರದ ಚರ್ಚಿನ ಫಾದರನ್ನೋ ಪಾಸ್ಟರನ್ನೋ ವಿಚಾರಿಸಿದರೂ ದಾರಿ ಸಿಗುತ್ತದೆ. ಮನೆ ಆರಿಸುವಾಗ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕನಕಪುರ ರಸ್ತೆಯ ಮೆಟ್ರೊ 2021ರಲ್ಲಿ ರೇಷ್ಮೆ ಸಂಸ್ಥೆಯವರೆಗೆ ಮುಂದುವರಿದ ಮೇಲೆ ಕೋಣನಕುಂಟೆ ಕ್ರಾಸ್‌ನಲ್ಲೋ ದೊಡ್ಡಕಲ್ಲಸಂದ್ರದಲ್ಲೋ ಇಳಿದು ಆಟೊ ಹಿಡಿಯುವುದು ಸುಲಭವಾಗಿದೆ. ಆದರೂ ನಿಮ್ಮ ಮನೆಯಿಂದ ಅರ್ಧ ಗಂಟೆಯ ಒಳಗಿನ ಜಾಗವೇ ಒಳ್ಳೆಯದು. ಬಿಟಿಎಂ ಬಡಾವಣೆಯಿಂದ ಸಂಜೆಯ ಟ್ರಾಫಿಕ್ಕಿನಲ್ಲಿ ಹೊರಟವರು ಎರಡನೇ ತಿಂಗಳಿಗೇ ಸುಸ್ತಾಗುತ್ತಾರೆ.

ಮನೆಯವರು ನಿಮ್ಮನ್ನೂ ಪರೀಕ್ಷಿಸುತ್ತಾರೆ, ಪರೀಕ್ಷಿಸಬೇಕು. ಆಧಾರ್ ಪ್ರತಿ, ಇಬ್ಬರು ಪರಿಚಿತರ ಹೆಸರು, ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಕೇಳಬಹುದು. ಈ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಬರುತ್ತದೆ. ಮಕ್ಕಳ ರಕ್ಷಣಾ ನೀತಿಯ ಕಾಗದ ಕೊಟ್ಟು ಓದಿ ಸಹಿ ಮಾಡಿ ಎನ್ನಬಹುದು. ‘ಸೇವೆ ಮಾಡಲು ಬಂದವರನ್ನೇ ಅನುಮಾನಿಸುತ್ತಾರಲ್ಲ’ ಎಂದು ಮುಖ ಚಿಕ್ಕದು ಮಾಡಿಕೊಳ್ಳಬೇಡಿ. ಹೆಸರೂ ಕೇಳದೆ ಒಳಗೆ ಬಿಟ್ಟುಕೊಂಡು ‘ಮಕ್ಕಳ ಜೊತೆ ಆಟ ಆಡಿ ಸಾರ್’ ಎನ್ನುವ ಮನೆಯ ಬಗ್ಗೆಯೇ ಯೋಚಿಸಬೇಕು. ಗೊತ್ತುಗುರಿಯಿಲ್ಲದ ಯಾರು ಬೇಕಾದರೂ ಅಲ್ಲಿಗೆ ಹಾಗೇ ಬರುತ್ತಿರುತ್ತಾರೆ.

ಅವರಿಗೂ ಅಮ್ಮ ಇದ್ದಾಳೆ

ಮಕ್ಕಳ ಮನೆಯಲ್ಲಿರುವವರೆಲ್ಲ ತಬ್ಬಲಿಗಳು ಎಂದು ತಿಳಿದು ಹೋಗುವವರು ಬಹಳ. ಎಷ್ಟೋ ಮಕ್ಕಳಿಗೆ ಅಮ್ಮನೋ ಅಪ್ಪನೋ ಅಜ್ಜಿಯೋ ಇರುತ್ತಾರೆ. ತಾಯಿ ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಾಳೆ, ಬಾಡಿಗೆಯ ಒಂದೇ ಕೋಣೆಯಲ್ಲಿ ಮಗಳನ್ನು ಒಂಟಿಯಾಗಿ ಬಿಡಲು ಹೆದರುತ್ತಾಳೆ. ತಂದೆ ಕಟ್ಟಡ ಕೆಲಸಕ್ಕೆಂದು ಯಾದಗಿರಿಯಿಂದಲೋ ರಾಯಚೂರಿನಿಂದಲೋ ಬಂದವನು, ಕೆಲಸ ಮುಗಿದ ಹಾಗೆ ಜಾಗ ಬದಲಿಸುತ್ತಾನೆ, ಮಕ್ಕಳ ಶಾಲೆ ನಿಂತುಹೋಗುತ್ತದೆ. ದಸರಾ ರಜೆಗೆ, ಬೇಸಿಗೆ ರಜೆಗೆ ಅಂಥ ಮಕ್ಕಳು ಊರಿಗೆ ಹೋಗಿಬರುತ್ತಾರೆ. ಆದ್ದರಿಂದ ಮೊದಲ ದಿನವೇ ‘ನಿನ್ನ ಅಪ್ಪ ಅಮ್ಮ ಎಲ್ಲಿ?’ ಎಂದು ಕೇಳಬಾರದು. ಎರಡನೇ ತಿಂಗಳೂ ಕೇಳಬಾರದು. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಅಷ್ಟೇ. ಅದನ್ನು ಮನೆಗೆ ಬಂದು ಊಟದ ಹೊತ್ತಿನಲ್ಲಿ ಕಥೆ ಮಾಡಿ ಹೇಳಬೇಡಿ.

ಮಗುವನ್ನು ಸಂಸ್ಥೆಯಲ್ಲಿ ಇಡುವುದು ಬೇರೆ ದಾರಿ ಇಲ್ಲದಾಗ ಮಾತ್ರ ಎಂಬುದು ಬಾಲನ್ಯಾಯ ಕಾಯ್ದೆಯ ಮೂಲ ತತ್ವಗಳಲ್ಲೊಂದು. ಅಪ್ಪ ಅಮ್ಮನ ಹತ್ತಿರ, ಅದಾಗದಿದ್ದರೆ ಬಂಧುಗಳ ಹತ್ತಿರ ಬೆಳೆಯುವ ಹಕ್ಕು ಮಗುವಿಗಿದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಕುಟುಂಬದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವು ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಗಂಡನನ್ನು ಕಳೆದುಕೊಂಡು ನಿಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ‘ಮಗನನ್ನು ಹಾಸ್ಟೆಲ್‌ಗೆ ಸೇರಿಸಿಬಿಡ್ತೀನಿ ಅಕ್ಕಾ’ ಎಂದರೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಈ ನೆರವಿಗೆ ಅರ್ಜಿ ಕೊಡಿಸುವುದೂ ಸ್ವಯಂಸೇವೆಯೇ. ಮಗು ಅಮ್ಮನ ಹತ್ತಿರವೇ ಉಳಿದರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ ಎಂಬುದು ನನ್ನ ನಂಬಿಕೆ.

ಸಂಜೆ ಆರರಿಂದ ಏಳೂವರೆ

ಮಕ್ಕಳ ಮನೆಯ ಸಂಜೆಗೆ ಒಂದು ಗತಿ ಇರುತ್ತದೆ. ನಾಲ್ಕೂವರೆಯ ಹೊತ್ತಿಗೆ ಶಾಲೆಯಿಂದ ಬರುತ್ತಾರೆ. ಚೀಲ ಕೆಳಗಿಟ್ಟು, ಕೈಕಾಲು ತೊಳೆದು, ಉಪ್ಪಿಟ್ಟೋ ಬಿಸ್ಕತ್ತು ಹಾಲೋ ಮುಗಿಸಿ ಅಂಗಳಕ್ಕೆ ಇಳಿಯುತ್ತಾರೆ. ಆರಕ್ಕೆ ಗಂಟೆ ಹೊಡೆದರೆ ಓದು, ಏಳೂವರೆಗೆ ಪ್ರಾರ್ಥನೆ, ಎಂಟಕ್ಕೆ ಊಟ. ಓದಿನ ಹೊತ್ತು ಒಬ್ಬರೇ ವಾರ್ಡನ್ ಮೂವತ್ತು ಮಕ್ಕಳನ್ನು ನೋಡಿಕೊಳ್ಳುವ ಮನೆಗಳಿವೆ. ನಿಮ್ಮ ಜಾಗ ಅಲ್ಲಿದೆ.

ಎಂಟರಿಂದ ಹತ್ತನೇ ತರಗತಿಯವರಿಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಹೇಳಿಕೊಡುವವರಿಗೆ ಯಾವಾಗಲೂ ಬೇಡಿಕೆ ಇದೆ. ಆದರೆ ನನ್ನ ಕೇಳಿದರೆ, ಅದಕ್ಕಿಂತ ಜರೂರಾದ ಕೆಲಸ ನಾಲ್ಕನೇ ಐದನೇ ತರಗತಿಯ ಮಕ್ಕಳಿಗೆ ಕನ್ನಡ ಓದಿಸುವುದು. ಊರೂರು ತಿರುಗಿ ಶಾಲೆ ತಪ್ಪಿಸಿಕೊಂಡು ಬಂದ ಮಗು ಐದನೇ ಕ್ಲಾಸಿನಲ್ಲಿ ಕೂತಿರುತ್ತದೆ, ಓದು ಮಾತ್ರ ಎರಡನೇ ಕ್ಲಾಸಿನಲ್ಲೇ ನಿಂತಿರುತ್ತದೆ. ‘ಅಮ್ಮ’, ‘ಅಕ್ಕ’ ಸಲೀಸಾಗಿ ಓದುವ ಹುಡುಗ ‘ವಿಜ್ಞಾನ’ ಬಂದ ಕೂಡಲೇ ಬೆರಳನ್ನು ಆ ಒತ್ತಕ್ಷರದ ಮೇಲಿಟ್ಟು ನಿಮ್ಮ ಮುಖ ನೋಡುತ್ತಾನೆ. ಅವನ ಪಠ್ಯಪುಸ್ತಕವನ್ನು ಪಕ್ಕಕ್ಕಿಡಿ. ಅಕ್ಷರ, ಪದ, ಸಣ್ಣ ಪ್ಯಾರಾ, ಪುಟ್ಟ ಕಥೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಓದಿಸಿ ಎಲ್ಲಿ ತಡವರಿಸುತ್ತಾನೆ ಎಂದು ತಿಳಿದುಕೊಳ್ಳಿ. ಪ್ರಥಮ್ ಸಂಸ್ಥೆ 2005ರಿಂದ ಹಳ್ಳಿ ಹಳ್ಳಿಯಲ್ಲಿ ನಡೆಸುತ್ತ ಬಂದಿರುವ ಅಸರ್ ಸಮೀಕ್ಷೆಯಲ್ಲಿ ಮಕ್ಕಳ ಓದನ್ನು ಅಳೆಯುವುದು ಈ ಕ್ರಮದಲ್ಲೇ. ತಡವರಿಸಿದ ಮೆಟ್ಟಿಲಿನಿಂದ ಶುರು ಮಾಡಿ. ಓದಿಸಲು ಬಣ್ಣದ ಕನ್ನಡ ಕಥೆಗಳು ಬೇಕೆಂದರೆ ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ, ಮುದ್ರಿಸಿಕೊಂಡೂ ಹೋಗಬಹುದು. ದಿನಕ್ಕೆ ಒಂದು ಕಥೆ ಸಾಕು. ಆ ಮಗು ಅದನ್ನು ತನಗಿಂತ ಚಿಕ್ಕವರಿಗೆ ಓದಿ ಹೇಳುವ ಹಾಗೆ ಮಾಡಿದರೆ ಪಾಠ ಗಟ್ಟಿಯಾಗುತ್ತದೆ.

ಪಾಠ ಹೇಳಲು ಬಾರದವರಿಗೂ ಕೆಲಸ ಇದೆ. ಕಾಗದಪತ್ರದ ಕೆಲಸ ಬಲ್ಲವರನ್ನು ಮನೆಯವರು ಎರಡೂ ಕೈ ಚಾಚಿ ಬರಮಾಡಿಕೊಳ್ಳುತ್ತಾರೆ. ಆಧಾರ್‌ನಲ್ಲಿ ಹೆಸರಿನ ಕಾಗುಣಿತ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಜಾತಿ-ಆದಾಯ ಪ್ರಮಾಣಪತ್ರವೇ ಇಲ್ಲ, ಹೀಗಾಗಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ನಿಂತುಹೋಗಿರುತ್ತದೆ. ಬ್ಯಾಂಕಿನಿಂದಲೋ ಸರ್ಕಾರಿ ಕಚೇರಿಯಿಂದಲೋ ನಿವೃತ್ತರಾದವರು ಪದ್ಮನಾಭನಗರ, ಬನಶಂಕರಿಯಲ್ಲಿ ಎಷ್ಟು ಜನ ಇಲ್ಲ! ಅವರಲ್ಲಿ ಒಬ್ಬರು ವಾರಕ್ಕೊಂದು ಬೆಳಗ್ಗೆ ಕೂತರೆ ಇಂಥ ತೊಡಕುಗಳು ಬಿಡಿಸಿಕೊಳ್ಳುತ್ತವೆ. ಹಲ್ಲಿನ ವೈದ್ಯರು, ಕಣ್ಣಿನ ವೈದ್ಯರು ವರ್ಷಕ್ಕೆರಡು ಸಲ ಬಂದರೂ ಸಾಕು. ಹೊಲಿಗೆ ಬಲ್ಲವರು ಯೂನಿಫಾರಂನ ಗುಂಡಿ ಹಚ್ಚುವುದನ್ನು ಮಕ್ಕಳಿಗೇ ಕಲಿಸಬಹುದು. ಕೇರಂ, ಚೆಸ್, ಖೋ ಖೋ ಆಡಿಸುವವರೂ ಬೇಕು.

ಹತ್ತನೇ ತರಗತಿ ದಾಟಿದವರ ಜೊತೆ ಐಟಿಐ, ಡಿಪ್ಲೊಮಾ, ಪಿಯುಸಿ ಎಂದು ಮುಂದಿನ ದಾರಿ ಮಾತಾಡುವವರು ಕಡಿಮೆ. ಹದಿನೆಂಟು ತುಂಬಿದ ದಿನ ಮನೆ ಬಿಡಬೇಕಾದ ಹುಡುಗ ಹುಡುಗಿಯರಿಗೆ ಕಾಯ್ದೆಯ 46ನೇ ಕಲಮಿನಡಿ ಆರ್ಥಿಕ ನೆರವು, 21 ವರ್ಷದವರೆಗೆ ಅನುಪಾಲನೆ ದೊರೆಯಲು ಅವಕಾಶ ಇದೆ. ಅದನ್ನು ಕೇಳಿ ಪಡೆಯುವ ಧೈರ್ಯವನ್ನು ಆ ವಯಸ್ಸಿನಲ್ಲಿ ಯಾರಾದರೂ ಕೊಡಬೇಕು. ಬಾಡಿಗೆ ಮನೆ ಕರಾರು ಓದುವುದು, ಪ್ಯಾನ್ ಕಾರ್ಡ್ ಮಾಡಿಸುವುದು, ಮೊದಲ ಸಂಬಳವನ್ನು ತಿಂಗಳ ಕೊನೆಯವರೆಗೆ ಉಳಿಸಿಕೊಳ್ಳುವುದು ಮುಂತಾದುವನ್ನೆಲ್ಲ ನಮಗೆ ಅಪ್ಪನೋ ಅಣ್ಣನೋ ಕಲಿಸಿದರು. ಅವರಿಗೆ ಕಲಿಸುವ ಅಣ್ಣ ನೀವೇ ಆಗಬಹುದು.

ಮಾಡಬಾರದ್ದು

ಫೋಟೊ ತೆಗೆಯಬೇಡಿ. ಇದು ಬರೀ ಸೌಜನ್ಯದ ವಿಷಯವಲ್ಲ. ಕಾಯ್ದೆಯ 74ನೇ ಕಲಮಿನಂತೆ ಇಂಥ ಮಕ್ಕಳ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಹತ್ತುವಂಥ ಯಾವ ವಿವರವನ್ನೂ ಮಾಧ್ಯಮಗಳಲ್ಲಿ ಬಹಿರಂಗಪಡಿಸುವ ಹಾಗಿಲ್ಲ. ಮೀರಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಊಟ ಬಡಿಸುವಾಗಿನ ಸೆಲ್ಫಿ, ವಾಟ್ಸ್ಆ್ಯಪ್ ಸ್ಟೇಟಸ್, ಇನ್‌ಸ್ಟಾಗ್ರಾಂ ರೀಲ್ಸ್ ಯಾವುದೂ ಬೇಡ.

ಹುಟ್ಟುಹಬ್ಬದ ವಿಷಯದಲ್ಲಿ ಖಾರವಾಗಿಯೇ ಹೇಳಬೇಕು. ಮಕ್ಕಳನ್ನು ಸಾಲಾಗಿ ಕೂರಿಸಿ, ಹೊಸ ಬಟ್ಟೆಯಲ್ಲಿ ಬಂದ ನಿಮ್ಮ ಮಗನ ಕೈಯಲ್ಲಿ ಕೇಕು ಕತ್ತರಿಸಿ, ಗುರುತೇ ಇಲ್ಲದ ಅವನಿಗೆ ಅವರಿಂದ ಹ್ಯಾಪಿ ಬರ್ತ್‌ಡೇ ಹಾಡಿಸಿ, ಕೊನೆಗೆ ‘ಥ್ಯಾಂಕ್ಯೂ ಅಂಕಲ್, ಥ್ಯಾಂಕ್ಯೂ ಆಂಟಿ’ ಎಂದು ಹೇಳಿಸುವುದು ಮಕ್ಕಳಿಗೂ ಒಳ್ಳೆಯದಲ್ಲ, ನಿಮ್ಮ ಮಗನಿಗೂ ಒಳ್ಳೆಯದಲ್ಲ. ತಾನು ಕೊಡುವವನು, ಅವರು ತೆಗೆದುಕೊಳ್ಳುವವರು ಎಂಬುದನ್ನು ಅವನು ಆವತ್ತು ಕಲಿಯುತ್ತಾನೆ. ತಮ್ಮ ಊಟಕ್ಕೆ ಹಾಡಿ ಋಣ ತೀರಿಸಬೇಕು ಎಂಬುದನ್ನು ಅವರು ಕಲಿಯುತ್ತಾರೆ. ಊಟದ ಖರ್ಚು ಕೊಡಿ, ಸಂತೋಷ. ಅದನ್ನು ಸದ್ದಿಲ್ಲದೆ ಕೊಡಿ. ಮಗನನ್ನು ಮಾಮೂಲಿ ಶನಿವಾರ ಕರೆದುಕೊಂಡು ಹೋಗಿ ಕ್ರಿಕೆಟ್ ತಂಡಕ್ಕೆ ಸೇರಿಸಿಬಿಡಿ. ಅಲ್ಲಿ ಅವನು ಔಟಾದರೆ ಔಟು!

ಒಂದು ಮಗುವಿಗೆ ಮಾತ್ರ ಉಡುಗೊರೆ ಕೊಡಬೇಡಿ. ಫೋನ್ ನಂಬರ್ ಕೊಡಬೇಡಿ. ಒಬ್ಬರೇ ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಇರಬೇಡಿ. ವಾರ್ಡನ್ ಅನುಮತಿಯಿಲ್ಲದೆ ಗೇಟಿನ ಹೊರಗೆ ಅಂಗಡಿಯವರೆಗೂ ಕರೆದುಕೊಂಡು ಹೋಗಬೇಡಿ. ಮಗು ನಿಮ್ಮ ಮಾತು ಕೇಳದಿದ್ದರೆ ಗದರಬೇಡಿ, ಕೈ ಎತ್ತುವುದಂತೂ ಕೂಡದು. ಇಂಥ ಮನೆಗಳ ಸಿಬ್ಬಂದಿ ಮಕ್ಕಳನ್ನು ದೈಹಿಕವಾಗಿ ಶಿಕ್ಷಿಸುವುದು 82ನೇ ಕಲಮಿನಂತೆ ಅಪರಾಧ. ಮತ್ತೆ, ಖಂಡಿತ ಬರುತ್ತೇನೆ ಎಂದು ಗೊತ್ತಿಲ್ಲದಿದ್ದರೆ ‘ಮುಂದಿನ ವಾರ ಬರ್ತೀನಿ’ ಎನ್ನಬೇಡಿ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮನೆ ಬಿಟ್ಟು ಬಂದ ಮಗು ಒಂದು ಸಲ ಹತ್ತಿರದವರನ್ನು ಕಳೆದುಕೊಂಡಿದೆ. ಆಮೇಲೆ ಬರುವ ಪ್ರತಿಯೊಬ್ಬ ಅಕ್ಕ, ಪ್ರತಿಯೊಬ್ಬ ಅಣ್ಣ ಎರಡು ವಾರ ಮುದ್ದು ಮಾಡಿ ಮಾಯವಾದರೆ ಅದೇ ನೋವು ಮರುಕಳಿಸುತ್ತದೆ. ಬರುಬರುತ್ತ ಮಗು ಯಾರನ್ನೂ ನಂಬುವುದಿಲ್ಲ, ಅಥವಾ ಬಂದವರಿಗೆಲ್ಲ ಮೊದಲ ದಿನವೇ ಜೋತುಬೀಳುತ್ತದೆ. ಹೊಸಬರ ಕೊರಳಿಗೆ ಜೋತುಬೀಳುವ ಮಗುವನ್ನು ಕಂಡು ‘ಎಷ್ಟು ಪ್ರೀತಿ ನೋಡಿ!’ ಎಂದು ನಾವು ಹಿಗ್ಗುತ್ತೇವೆ. ಅದು ಎಷ್ಟೋ ಸಲ ಗಾಯದ ಗುರುತು. ಪರದೇಶದಿಂದ ಬಂದು ಅನಾಥಾಲಯಗಳಲ್ಲಿ ನಾಲ್ಕು ದಿನ ಸೇವೆ ಮಾಡಿ ಹೋಗುವ ಪ್ರವಾಸದ ಚಾಳಿ ಮಕ್ಕಳಿಗೆ ಹಾನಿ ಮಾಡುತ್ತದೆ ಎಂಬ ಕಳವಳವನ್ನು 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಮಕ್ಕಳ ಹಕ್ಕುಗಳ ನಿರ್ಣಯವೂ ದಾಖಲಿಸಿದೆ. ಕಾಲೇಜಿನ ಸೇವಾ ಪ್ರಮಾಣಪತ್ರಕ್ಕಾಗಿ ಎರಡು ವಾರ ಬರುವವರೂ, ಬಸ್ಸಿನಲ್ಲಿ ಬಂದು ಒಂದೇ ಶನಿವಾರ ಗೋಡೆಗೆ ಚಿತ್ರ ಬಳಿದು ಹೋಗುವ ಕಂಪನಿಯ ತಂಡದವರೂ ಇದನ್ನು ಯೋಚಿಸಬೇಕು. ಅಷ್ಟೇ ಸಮಯ ಇರುವವರು ಮಕ್ಕಳ ಜೊತೆಗಿನ ಕೆಲಸ ಬಿಟ್ಟು ಗ್ರಂಥಾಲಯದ ಪುಸ್ತಕಕ್ಕೆ ರಟ್ಟು ಹಾಕುವುದು, ಕಂಪ್ಯೂಟರ್ ರಿಪೇರಿ, ಲೆಕ್ಕಪತ್ರದಂಥ ಕೆಲಸ ಕೇಳಿ ಮಾಡಲಿ. ಮಕ್ಕಳ ಜೊತೆ ಕೂರಲು ಬಯಸುವವರು ಜೂನ್‌ನಿಂದ ಮಾರ್ಚ್‌ವರೆಗಿನ ಒಂದು ಶಾಲಾ ವರ್ಷಕ್ಕಾದರೂ ಒಪ್ಪಿಕೊಳ್ಳಲಿ. ಬಿಡುವ ಕಾಲ ಬಂದಾಗ ಒಂದು ತಿಂಗಳ ಮೊದಲೇ ಮಕ್ಕಳಿಗೆ ಕಾರಣ ಹೇಳಿ, ಕೊನೆಯ ದಿನ ಎಲ್ಲರಿಗೂ ಹೋಗಿಬರುತ್ತೇನೆಂದು ಹೇಳಿ ಹೊರಡಲಿ.

ಪ್ರಾರ್ಥನೆಯ ಹೊತ್ತು

ಕ್ರೈಸ್ತ ಮನೆಯೆಂದರೆ ಬೆಳಗ್ಗೆ ಸಂಜೆ ಪ್ರಾರ್ಥನೆ, ಊಟಕ್ಕೆ ಮುಂಚೆ ಸ್ತೋತ್ರ, ಭಾನುವಾರ ಕಥೋಲಿಕರಲ್ಲಿ ಬಲಿಪೂಜೆ, ಪ್ರಾಟೆಸ್ಟೆಂಟರಲ್ಲಿ ಆರಾಧನೆ ಮತ್ತು ಸಂಡೇ ಸ್ಕೂಲು ಇದ್ದದ್ದೇ. ಬೇರೆ ಧರ್ಮದ ಸ್ವಯಂಸೇವಕರು ಹೇಗಿರಬೇಕು ಎಂದು ಕೇಳುವವರಿದ್ದಾರೆ. ಸುಮ್ಮನೆ ಕೂರಬಹುದು, ಹೊರಗೆ ವರಾಂಡದಲ್ಲಿ ಕಾಯಬಹುದು, ಮನಸ್ಸಿದ್ದರೆ ಜೊತೆಗೆ ಹಾಡಬಹುದು. ಯಾವುದಕ್ಕೂ ಬಲವಂತ ಇರಬಾರದು. ನಿಮ್ಮ ನಂಬಿಕೆಯನ್ನು ಅಲ್ಲಿ ಸಾರುವುದು ಬೇಡ, ಅವರ ನಂಬಿಕೆಯನ್ನು ಮಕ್ಕಳೆದುರು ಪ್ರಶ್ನಿಸುವುದೂ ಬೇಡ. ಹಿಂದೂ, ಮುಸ್ಲಿಂ ಕುಟುಂಬಗಳ ಮಕ್ಕಳೂ ಅಲ್ಲಿರಬಹುದು. ಅವರ ಹುಟ್ಟು ಮನೆಯ ಹಬ್ಬ, ಹೆಸರು, ಆಚಾರಕ್ಕೆ ಗೌರವ ಕೊಡುವ ಮನೆ ಒಳ್ಳೆಯ ಮನೆ. ಹೋಗುವ ಮುನ್ನ ಇದನ್ನು ಮುಖ್ಯಸ್ಥರಾದ ಸಿಸ್ಟರ್ ಅಥವಾ ಫಾದರ್ ಹತ್ತಿರ ನೇರವಾಗಿ ಕೇಳಿ.

ಆದರೆ ಸಾಧ್ಯವಾದರೆ ಒಂದು ಸಂಜೆಯಾದರೂ ಪ್ರಾರ್ಥನೆಗೆ ಕೂರಿ. ಹಾಡು ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಸ್ವಂತ ಮಾತಿನಲ್ಲಿ ಬೇಡಿಕೊಳ್ಳುವ ಪದ್ಧತಿ ಹಲವು ಮನೆಗಳಲ್ಲಿದೆ. ಅಡುಗೆಯ ಆಂಟಿಯ ಮಂಡಿನೋವು ಕಡಿಮೆ ಆಗಲಿ. ಊರಿಗೆ ಹೋದವನು ವಾಪಸ್ ಬರಲಿ. ಶಾಲೆಯ ಮಿಸ್‌ಗೆ ಮಗು ಹುಟ್ಟಿದೆ, ಇಬ್ಬರೂ ಚೆನ್ನಾಗಿರಲಿ. ನಾಳೆ ಮಳೆ ಬಾರದಿರಲಿ, ಮ್ಯಾಚ್ ಇದೆ. ಹೀಗೆ ಸಾಗುತ್ತದೆ ಅದು. ತಮಗೇ ಎಲ್ಲ ಕೊರತೆ ಇರುವಾಗ ಈ ಮಕ್ಕಳು ಯಾರ ಯಾರ ಯೋಗಕ್ಷೇಮವನ್ನು ನೆನಪಿಟ್ಟುಕೊಂಡಿದ್ದಾರೆ ಎಂದು ಕೇಳಿಸಿಕೊಂಡವರಿಗೆ, ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೂ ತಮ್ಮ ಕಾವಲುಗಾರನ ಹೆಸರು ಗೊತ್ತಿಲ್ಲವಲ್ಲ ಎಂಬ ಎಚ್ಚರ ಬರುತ್ತದೆ.

ಮಕ್ಕಳಿಂದ ಕಲಿಯುವುದು ಎಂದರೆ ಇಂಥ ಸಣ್ಣ ಸಣ್ಣ ಸಂಗತಿಗಳೇ. ಬಿಸ್ಕತ್ತಿನ ಪೊಟ್ಟಣ ಕೊಟ್ಟು ನೋಡಿ. ದೊಡ್ಡವಳೊಬ್ಬಳು ಎಣಿಸುತ್ತಾಳೆ, ತಲೆಗೆಷ್ಟು ಎಂದು ಮನಸ್ಸಿನಲ್ಲೇ ಭಾಗಿಸುತ್ತಾಳೆ, ಜ್ವರ ಬಂದು ಒಳಗೆ ಮಲಗಿದವನ ಪಾಲನ್ನು ಮೊದಲು ತೆಗೆದಿಡುತ್ತಾಳೆ, ತನ್ನದನ್ನು ಕೊನೆಗೆ ತೆಗೆದುಕೊಳ್ಳುತ್ತಾಳೆ. ಉಳಿದ ಎರಡು ಬಿಸ್ಕತ್ತು ಏನಾಗಬೇಕು ಎಂಬುದಕ್ಕೆ ಅಲ್ಲಿ ಒಂದು ನಿಯಮ ಮೊದಲೇ ಇರುತ್ತದೆ. ಲೆಕ್ಕದ ಪುಸ್ತಕದಲ್ಲಿ ಭಾಗಾಕಾರ ಬಾರದೆ ಒದ್ದಾಡುವ ಹುಡುಗಿ ಅವಳೇ ಎಂದು ಗೊತ್ತಾದಾಗ, ಭಾಗಾಕಾರವನ್ನು ಎಲ್ಲಿಂದ ಶುರು ಮಾಡಬೇಕು ಎಂಬುದೂ ನಿಮಗೆ ತಿಳಿಯುತ್ತದೆ.

ಭಾಷೆಯೂ ಹಾಗೆ. ಕಲಬುರಗಿ ಕಡೆಯ ಮಗು ‘ನಂಗ ಬರಾಂಗಿಲ್ರೀ’ ಎನ್ನುತ್ತದೆ, ಪಕ್ಕದ ಕೋಲಾರದ ಹುಡುಗ ಅದನ್ನು ತೆಲುಗಿನಲ್ಲಿ ಇನ್ನೊಬ್ಬನಿಗೆ ದಾಟಿಸುತ್ತಾನೆ, ಅವನು ತಮಿಳಿನಲ್ಲಿ ನಗುತ್ತ ಉತ್ತರ ಕೊಡುತ್ತಾನೆ. ಬೆಂಗಳೂರಿನ ಕನ್ನಡವೇ ಸರಿಯಾದ ಕನ್ನಡ ಎಂದುಕೊಂಡು ಅವರನ್ನು ತಿದ್ದಲು ಹೋಗಬೇಡಿ. ಪರೀಕ್ಷೆಗೆ ಬೇಕಾದ ಬರಹದ ಕನ್ನಡವನ್ನು ಕಲಿಸಿ, ಮಾತಿನ ಕನ್ನಡವನ್ನು ಅವರಿಂದ ಕಲಿಯಿರಿ. ತಟ್ಟೆ ತೊಳೆಯುವುದು, ಬಟ್ಟೆ ಒಗೆದು ಹರವುವುದು, ತರಕಾರಿ ಹೆಚ್ಚುವುದು, ಚಿಕ್ಕವರ ತಲೆ ಬಾಚುವುದು ಇವೆಲ್ಲ ಅಲ್ಲಿ ಸರದಿಯ ಕೆಲಸ, ಹುಡುಗರಿಗೂ ಹುಡುಗಿಯರಿಗೂ. ನಿಮಗೂ ಸರದಿ ಹಾಕಲು ಹೇಳಿ.

ಬಾಲನ್ಯಾಯ ನಿಯಮಗಳ ಪ್ರಕಾರ ಪ್ರತಿ ಮನೆಯಲ್ಲೂ ಮಕ್ಕಳ ಸಮಿತಿಗಳು ಇರಬೇಕು. 6ರಿಂದ 10, 11ರಿಂದ 15, 16ರಿಂದ 18 ವರ್ಷದವರಿಗೆ ಬೇರೆ ಬೇರೆ. ಊಟ, ಆಟ, ಶಿಸ್ತು, ದೂರು ಎಲ್ಲವನ್ನೂ ಮಕ್ಕಳೇ ಚರ್ಚಿಸುವ ಸಭೆ ಅದು. ಮನೆಯವರೂ ಮಕ್ಕಳೂ ಒಪ್ಪಿದರೆ ಒಮ್ಮೆ ಹಿಂದೆ ಕೂತು ಕೇಳಿ. ಸ್ವಯಂಸೇವಕರ ಬಗ್ಗೆಯೂ ಅಲ್ಲಿ ಅಭಿಪ್ರಾಯ ಬರುತ್ತದೆ: ಈ ಅಣ್ಣ ಬರೀ ಜಾಣರಿಗೇ ಹೇಳಿಕೊಡ್ತಾರೆ, ಆ ಅಕ್ಕ ಫೋನ್ ನೋಡ್ತಾ ಕೂರ್ತಾರೆ ಎಂದು. ಅದಕ್ಕಿಂತ ಒಳ್ಳೆಯ ಪಾಠ ನಿಮಗೆ ಬೇರೆಲ್ಲೂ ಸಿಗಲಾರದು.

ದುಡ್ಡು, ದಿನಸಿ, ದೂರು

ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಎಂದು ಕೇಕು, ಚಾಕೊಲೆಟ್, ಆಟಿಕೆ ರಾಶಿ ಬೀಳುತ್ತವೆ. ಜೂನ್‌ನಲ್ಲಿ ಶಾಲೆ ಶುರುವಾಗುವಾಗ ನೋಟ್‌ಬುಕ್, ಶೂ, ಚೀಲಕ್ಕೆ ಪರದಾಟ. ಬೇಸಿಗೆಯ ನೀರಿನ ಟ್ಯಾಂಕರಿಗೆ, ಅಡುಗೆ ಅನಿಲಕ್ಕೆ, ಅಡುಗೆಯವರ ಸಂಬಳಕ್ಕೆ ದುಡ್ಡು ಕೊಡುವವರು ಬಹಳ ಕಡಿಮೆ. ಏನು ಬೇಕು ಎಂದು ಕೇಳಿಯೇ ಕೊಡಿ. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ರಾತ್ರಿ ಹನ್ನೊಂದಕ್ಕೆ ತಂದು ಗೇಟು ಬಡಿಯಬೇಡಿ. ಹರಿದ ಬಟ್ಟೆ, ಅರ್ಧ ಬರೆದ ಪುಸ್ತಕ ಕೊಡಬೇಡಿ. ದೇಣಿಗೆಗೆ ರಸೀತಿ ಪಡೆಯಿರಿ. ಸಂಸ್ಥೆಗೆ 80ಜಿ ಮಾನ್ಯತೆ ಇದ್ದು ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ವಿನಾಯಿತಿ ಸಿಗುತ್ತದೆ. 2,000 ರೂಪಾಯಿ ಮೀರಿದ ನಗದಿಗೆ, ದಿನಸಿ ಬಟ್ಟೆಯಂಥ ವಸ್ತುಗಳಿಗೆ ಇಲ್ಲ. ಹೊರದೇಶದಲ್ಲಿರುವ ಕನ್ನಡಿಗರು ಒಂದು ವಿಷಯ ಗಮನಿಸಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ, ಕೊಟ್ಟದ್ದು ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇರಲೇಬೇಕು.

ಕೊನೆಯದಾಗಿ, ಆದರೆ ಎಲ್ಲಕ್ಕಿಂತ ಗಂಭೀರವಾದದ್ದು. ಯಾವುದೇ ಮಗು ತನಗೆ ಹೊಡೆಯುತ್ತಾರೆಂದೋ, ಮೈ ಮುಟ್ಟುತ್ತಾರೆಂದೋ ನಿಮ್ಮಲ್ಲಿ ಹೇಳಿಕೊಂಡರೆ, ಅಥವಾ ಹಾಗೆ ನಿಮಗೇ ಅನುಮಾನ ಬಂದರೆ, ‘ಸಂಸ್ಥೆಯ ಹೆಸರು ಕೆಡುತ್ತದೆ’ ಎಂದು ಸುಮ್ಮನಿರಬೇಡಿ. ಮಗುವಿಗೆ ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತು ಕೊಡಬೇಡಿ. ಅಡ್ಡಪ್ರಶ್ನೆ ಕೇಳದೆ, ಹೇಳಿದ್ದನ್ನು ಹೇಳಿದ ಹಾಗೇ ಬರೆದಿಟ್ಟುಕೊಳ್ಳಿ. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ, ಗೊತ್ತಿದ್ದವರು ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, 112ಕ್ಕೂ ಕರೆ ಮಾಡಬಹುದು. ಕ್ರೈಸ್ತ ಮನೆಯಿರಲಿ, ಮಠದ ಹಾಸ್ಟೆಲಿರಲಿ, ಸರ್ಕಾರಿ ಬಾಲಮಂದಿರವಿರಲಿ, ಮಗುವಿನ ಪರವಾಗಿ ಮೊದಲು ನಿಲ್ಲಬೇಕಾದವರು ಕೇಳಿಸಿಕೊಂಡವರು.

ಹೊರಡಲು ಮನಸ್ಸಿದ್ದವರು ಹೆಚ್ಚು ಯೋಚಿಸುತ್ತ ಕೂರಬೇಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ ತಿಂಗಳಲ್ಲೇ ಶುರುವಾಗುತ್ತದೆ, ಗಣಿತ ಹೇಳಿಕೊಡುವವರಿಲ್ಲದ ಮನೆಗಳು ನಿಮ್ಮ ಬಡಾವಣೆಯಲ್ಲೇ ಇವೆ. ಈ ವಾರ ಒಂದು ಮನೆಗೆ ಫೋನ್ ಮಾಡಿ, ಯಾವ ದಿನ ಯಾವ ಹೊತ್ತಿಗೆ ಬಂದರೆ ಅನುಕೂಲ ಎಂದು ಕೇಳಿ. ಅವರು ಹೇಳಿದ ಹೊತ್ತು ನಿಮಗೆ ಹೊಂದದಿದ್ದರೆ ಒಪ್ಪಿಕೊಳ್ಳಬೇಡಿ, ಹೊಂದುವ ಇನ್ನೊಂದು ಮನೆ ಹುಡುಕಿ. ಒಪ್ಪಿಕೊಂಡ ಮೇಲೆ ಮಾತ್ರ ತಪ್ಪಿಸಬೇಡಿ.